ಮುಖದ ಬಗೆಗೂ ಹಲ್ಲು ನಿಂತ ರೀತಿಗೂ ಏನು ನಂಟು? ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಲಿಪ್ ಹಾಕಿಸೋಣ ಅಂತ ಬಂದವರು, ಅವರ ಜೊತೆ ಬಂದ ಅಪ್ಪ ಅಮ್ಮಂದಿರು ಕೇಳುವ ಪ್ರಶ್ನೆಗಳು ಇವು. ಕೆಲವಕ್ಕೆ ಉತ್ತರ ಎರಡೇ ಸಾಲು. ಕೆಲವಕ್ಕೆ ಸ್ವಲ್ಪ ಕೂತು ಓದಬೇಕು.

ಹಲ್ಲು ತೋರಿಸೋಕೆ ಬಂದರೆ ಡಾಕ್ಟರು ಮುಖವನ್ನೇ ಯಾಕೆ ಅಷ್ಟು ಹೊತ್ತು ನೋಡುತ್ತಾರೆ?

ಹಲ್ಲು ಕೂತಿರುವುದು ದವಡೆಯ ಮೂಳೆಯಲ್ಲಿ. ದವಡೆ ಯಾವ ದಿಕ್ಕಿಗೆ ಬೆಳೆದಿದೆ ಅನ್ನುವುದು ಮುಖದಲ್ಲೇ ಕಾಣುತ್ತದೆ. ಹಾಗಾಗಿ ನೀವು ಬಾಯಿ ತೆರೆಯುವ ಮೊದಲೇ, ಕುರ್ಚಿಯಲ್ಲಿ ಕೂತು ಮಾತಾಡುತ್ತಿರುವಾಗಲೇ ಅರ್ಧ ತಪಾಸಣೆ ಮುಗಿದಿರುತ್ತದೆ. ಮಾತು ನಿಲ್ಲಿಸಿದಾಗ ತುಟಿ ತಾನಾಗಿ ಮುಚ್ಚುತ್ತದಾ, ಮುಚ್ಚುವುದಕ್ಕೆ ಕಷ್ಟಪಟ್ಟು ಗದ್ದದ ಚರ್ಮ ಬಿಗಿದು ಗುಳಿ ಗುಳಿ ಆಗುತ್ತದಾ, ನಕ್ಕಾಗ ಒಸಡು ಎಷ್ಟು ಕಾಣುತ್ತದೆ, ಪಕ್ಕದಿಂದ ನೋಡಿದರೆ ಗದ್ದ ಎಲ್ಲಿ ನಿಂತಿದೆ, ಇವನ್ನೆಲ್ಲ ಗಮನಿಸುತ್ತೇವೆ. ಹಲ್ಲು ಮುಂದಿದೆ ಅನ್ನುವುದು ಯಾರಿಗಾದರೂ ಕಾಣುತ್ತದೆ. ಹಲ್ಲೇ ಮುಂದೆ ಬಂದಿದೆಯೋ, ಕೆಳದವಡೆ ಹಿಂದೆ ಉಳಿದಿದೆಯೋ, ಅಥವಾ ಕೆಳದವಡೆ ಕೆಳಕ್ಕೂ ಹಿಂದಕ್ಕೂ ತಿರುಗಿಕೊಂಡು ಹಾಗೆ ಕಾಣುತ್ತಿದೆಯೋ ಅನ್ನುವುದು ಬರೀ ಹಲ್ಲು ನೋಡಿದರೆ ಗೊತ್ತಾಗುವುದಿಲ್ಲ. ಈ ಮೂರಕ್ಕೂ ಚಿಕಿತ್ಸೆ ಬೇರೆ ಬೇರೆ.

ಮುಖದಲ್ಲಿ ಎಷ್ಟು ಬಗೆ?

ನಮ್ಮ ಕೆಲಸಕ್ಕೆ ಮೂರು ಸಾಕು. ಉದ್ದ ಮುಖ, ಅಗಲವಾದ ಗಿಡ್ಡ ಮುಖ, ಎರಡರ ನಡುವಿನ ಮುಖ. ಪುಸ್ತಕಗಳಲ್ಲಿ ಇವನ್ನು ಡಾಲಿಕೋಫೇಶಿಯಲ್, ಬ್ರಾಕಿಫೇಶಿಯಲ್, ಮೀಸೋಫೇಶಿಯಲ್ ಅನ್ನುತ್ತಾರೆ. ನಿಮ್ಮ ಫೈಲಿನಲ್ಲಿ 'ಹೈ ಆಂಗಲ್' ಅಂತ ಬರೆದಿದ್ದರೆ ಉದ್ದ ಮುಖ, 'ಲೋ ಆಂಗಲ್' ಅಂದರೆ ಗಿಡ್ಡ ಮುಖ ಅಂತ ಹೆಚ್ಚುಕಮ್ಮಿ ಅರ್ಥ ಮಾಡಿಕೊಳ್ಳಬಹುದು. ಜಾಸ್ತಿ ಜನ ನಡುವಿನ ಗುಂಪಿನವರೇ. ಇದು ಕಾಯಿಲೆಯ ಹೆಸರಲ್ಲ, ಗಾಬರಿ ಬೇಡ.

ಕನ್ನಡಿ ಮುಂದೆ ನಿಂತು ನಾನೇ ಅಳೆದುಕೊಳ್ಳಬಹುದಾ?

ಅಂದಾಜಿಗೆ ಆಗುತ್ತದೆ. ಎರಡು ಹುಬ್ಬಿನ ನಡುವೆ ಮೂಗು ಶುರುವಾಗುವ ತಗ್ಗಿನಿಂದ ಗದ್ದದ ತಳದವರೆಗೆ ಉದ್ದ ಅಳೆಯಿರಿ. ಆಮೇಲೆ ಎರಡು ಕೆನ್ನೆಮೂಳೆಗಳ ನಡುವೆ ಅತಿ ಅಗಲ ಇರುವ ಕಡೆ ಅಳೆಯಿರಿ. ಉದ್ದವನ್ನು ಅಗಲದಿಂದ ಭಾಗಿಸಿ 100ರಿಂದ ಗುಣಿಸಿ. 85ರಿಂದ 90ರ ನಡುವೆ ಬಂದರೆ ನಡುವಿನ ಮುಖ, ಅದಕ್ಕಿಂತ ಕಮ್ಮಿ ಬಂದರೆ ಅಗಲ, ಜಾಸ್ತಿ ಬಂದರೆ ಉದ್ದ. ಆದರೆ ಟೇಪು ಅಳೆಯುವುದು ಚರ್ಮ, ಕೊಬ್ಬು, ಸ್ನಾಯು ಎಲ್ಲವನ್ನೂ ಸೇರಿಸಿ. ಕೆನ್ನೆ ತುಂಬಿಕೊಂಡಿರುವ ಎಷ್ಟೋ ಜನರ ಎಕ್ಸ್‌ರೇ ತೆಗೆದರೆ ಒಳಗೆ ಅಪ್ಪಟ ಉದ್ದ ಮುಖದ ಮೂಳೆ ಇರುತ್ತದೆ. ಸೆಲ್ಫಿ ನೋಡಿ ಅಂತೂ ತೀರ್ಮಾನ ಮಾಡಲೇಬೇಡಿ. ಹತ್ತಿರದಿಂದ ತೆಗೆದ ಸೆಲ್ಫಿಯಲ್ಲಿ ಮೂಗು ದೊಡ್ಡದಾಗಿ, ಮುಖ ಸಪೂರವಾಗಿ ಬೀಳುತ್ತದೆ.

ಪಕ್ಕದಿಂದ ತೆಗೆಯುವ ಆ ಎಕ್ಸ್‌ರೇಯಲ್ಲಿ ಏನು ನೋಡುತ್ತೀರಿ?

ಅದರ ಹೆಸರು ಸೆಫಲೋಗ್ರಾಮ್. ಕಿವಿಗೆ ಎರಡು ಕಡ್ಡಿ ಸಿಕ್ಕಿಸಿ, ತಲೆ ಅಲ್ಲಾಡದ ಹಾಗೆ ನಿಲ್ಲಿಸಿ ತೆಗೆಯುತ್ತಾರೆ. 1931ರಲ್ಲಿ ಅಮೆರಿಕದಲ್ಲಿ ಬ್ರಾಡ್‌ಬೆಂಟ್, ಜರ್ಮನಿಯಲ್ಲಿ ಹಾಫ್‌ರಾಥ್, ಒಬ್ಬರಿಗೊಬ್ಬರು ಸಂಬಂಧವಿಲ್ಲದೆ ಇದರ ವಿಧಾನ ಪ್ರಕಟಿಸಿದರು. ತಲೆ ಪ್ರತಿ ಸಲ ಅದೇ ಭಂಗಿಯಲ್ಲಿ ಇರುವುದರಿಂದ ಇವತ್ತಿನ ಚಿತ್ರವನ್ನು ಎರಡು ವರ್ಷದ ನಂತರದ ಚಿತ್ರದ ಜೊತೆ ಹೋಲಿಸಬಹುದು.

ಈಗ ಕಂಪ್ಯೂಟರಿನಲ್ಲಿ ಗೆರೆ ಎಳೆಯುತ್ತೇವೆ. ಮೊದಲು ಎಕ್ಸ್‌ರೇ ಮೇಲೆ ತೆಳು ಹಾಳೆ ಅಂಟಿಸಿ, ಹಿಂದಿನಿಂದ ಲೈಟು ಬಿಟ್ಟು, ಚೂಪಾದ ಪೆನ್ಸಿಲಿನಲ್ಲಿ ಎಳೆಯುತ್ತಿದ್ದೆವು. ಮುಖದ ಬಗೆ ಕೈಗೆ ಸಿಗುತ್ತಿದ್ದದ್ದು ಅಲ್ಲೇ. ತಲೆಬುರುಡೆಯ ತಳದಲ್ಲಿ ಒಂದು ಗೆರೆ, ಕೆಳದವಡೆಯ ಕೆಳ ಅಂಚಿನ ಉದ್ದಕ್ಕೂ ಇನ್ನೊಂದು ಗೆರೆ. ಅಗಲ ಮುಖದವರಲ್ಲಿ ಇವೆರಡೂ ಹೆಚ್ಚುಕಮ್ಮಿ ಸಮಾನಾಂತರವಾಗಿ ಹೋಗುತ್ತವೆ, ಸೇರಬೇಕಾದರೆ ಹಾಳೆ ದಾಟಿ ಎಲ್ಲೋ ದೂರ ಹೋಗಬೇಕು. ಉದ್ದ ಮುಖದವರಲ್ಲಿ ಕೆಳಗಿನ ಗೆರೆ ಕಡಿದಾಗಿ ಮೇಲೆದ್ದು ತಲೆಯ ಹಿಂಭಾಗದ ಹತ್ತಿರವೇ ಮೇಲಿನ ಗೆರೆಗೆ ಬಂದು ಸೇರುತ್ತದೆ. ಈ ಕೋನ ಸರಾಸರಿ 32 ಡಿಗ್ರಿ. 38, 40 ಬಂತೆಂದರೆ ಉದ್ದ ಮುಖ. 25, 26 ಬಂದರೆ ಗಿಡ್ಡ ಮುಖ.

ಕ್ಲಾಸ್ 1, ಕ್ಲಾಸ್ 2 ಅಂತ ಬರೆದಿದ್ದಾರೆ. ಅದೇನಾ ಮುಖದ ಬಗೆ?

ಅಲ್ಲ. ಅದು ಎಡ್ವರ್ಡ್ ಆಂಗಲ್ ಅನ್ನುವ ಅಮೆರಿಕದ ದಂತವೈದ್ಯರು 1899ರಲ್ಲಿ ಮಾಡಿದ ವಿಂಗಡಣೆ. ಮೇಲಿನ ಮೊದಲ ದೊಡ್ಡ ದವಡೆಹಲ್ಲು ಕೆಳಗಿನದರ ಮೇಲೆ ಎಲ್ಲಿ ಕೂರುತ್ತದೆ ಅನ್ನುವುದಷ್ಟೇ ಅದರ ಲೆಕ್ಕ. ಸರಿಯಾದ ಜಾಗದಲ್ಲಿ ಕೂತು ಬೇರೆ ಹಲ್ಲುಗಳು ವಕ್ರ ಇದ್ದರೆ ಕ್ಲಾಸ್ 1. ಕೆಳಗಿನ ಹಲ್ಲು ಇರಬೇಕಾದ್ದಕ್ಕಿಂತ ಹಿಂದಿದ್ದರೆ ಕ್ಲಾಸ್ 2, ಮುಂದಿದ್ದರೆ ಕ್ಲಾಸ್ 3. ಇದು ಹಿಂದೆ ಮುಂದೆ ಲೆಕ್ಕ. ಮುಖದ ಬಗೆ ಮೇಲೆ ಕೆಳಗೆ ಲೆಕ್ಕ. ಮೂರು ಕ್ಲಾಸುಗಳೂ ಮೂರು ಬಗೆಯ ಮುಖಗಳಲ್ಲೂ ಬರಬಹುದು. ಹಾಗಾಗಿ 'ನನಗೆ ಕ್ಲಾಸ್ 2 ಅಂತೆ' ಅಂತ ಹೇಳಿ ನೆಟ್‌ನಲ್ಲಿ ಚಿಕಿತ್ಸೆ ಹುಡುಕಿದರೆ ಅರ್ಧ ವಿಷಯ ಕೈಬಿಟ್ಟ ಹಾಗೆ.

ಉದ್ದ ಮುಖದವರ ಹಲ್ಲು ಸಾಮಾನ್ಯವಾಗಿ ಹೇಗಿರುತ್ತದೆ?

ಹಿಂದಿನ ದವಡೆಹಲ್ಲುಗಳು ಎತ್ತರಕ್ಕೆ ಬೆಳೆದಿರುತ್ತವೆ. ಅವು ಎತ್ತರ ಆದಷ್ಟೂ ಕೆಳದವಡೆ ಕೆಳಕ್ಕೆ, ಹಿಂದಕ್ಕೆ ತಿರುಗುತ್ತದೆ. ಆಗ ಮುಂದೆ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ ಜಾಗ ಬೀಳಬೇಕು ಅಲ್ವಾ? ಆ ಜಾಗ ತುಂಬಲು ಮುಂದಿನ ಹಲ್ಲುಗಳೂ ಬೆನ್ನಟ್ಟಿಕೊಂಡು ಬೆಳೆಯುತ್ತವೆ. ನಕ್ಕಾಗ ಒಸಡು ಜಾಸ್ತಿ ಕಾಣುವುದಕ್ಕೆ ಇದೂ ಒಂದು ಕಾರಣ. ಮುಂದಿನ ಹಲ್ಲುಗಳಿಗೆ ಅಷ್ಟು ದೂರ ಬರಲು ಆಗದೇ ಹೋದರೆ ಓಪನ್ ಬೈಟ್, ಅಂದರೆ ಹಲ್ಲು ಕಚ್ಚಿದರೂ ಮುಂದೆ ಸಂದು, ಉಳಿದುಕೊಳ್ಳುತ್ತದೆ. ಅಂಥವರು ಒತ್ತು ಶಾವಿಗೆ ತಿನ್ನುವುದನ್ನು ಒಮ್ಮೆ ನೋಡಿ. ಮುಂದಿನ ಹಲ್ಲಿನಲ್ಲಿ ಎಳೆ ತುಂಡಾಗುವುದಿಲ್ಲ, ನಾಲಿಗೆಯಿಂದ ಪಕ್ಕಕ್ಕೆ ದೂಡಿ ಕೋರೆಹಲ್ಲಿನ ಹತ್ತಿರ ಕಡಿಯುತ್ತಾರೆ. ವರ್ಷಗಟ್ಟಲೆ ಹಾಗೇ ತಿಂದು ಅಭ್ಯಾಸ ಆಗಿರುವುದರಿಂದ ಅದು ತೊಂದರೆ ಅಂತ ಅವರಿಗೆ ಅನಿಸಿಯೇ ಇರುವುದಿಲ್ಲ.

ಮೇಲಿನ ದವಡೆ ಹೆಚ್ಚಾಗಿ ಇಕ್ಕಟ್ಟು, ಅಂಗುಳ ಎತ್ತರ. ಪಕ್ಕದಲ್ಲಿ ಕ್ರಾಸ್ ಬೈಟ್ (ಮೇಲಿನ ಹಲ್ಲು ಕೆಳಗಿನದರ ಒಳಗೆ ಕೂರುವುದು) ಬರುವುದು, ಹಲ್ಲು ಒಂದರ ಮೇಲೊಂದು ಹತ್ತಿಕೊಳ್ಳುವುದು ಸಾಮಾನ್ಯ. ಕೆಳಗಿನ ಬಾಚಿಹಲ್ಲುಗಳ ಸುತ್ತ ಇರುವ ಮೂಳೆ ತುಂಬ ತೆಳು. ಇದನ್ನು ನೆನಪಿಟ್ಟುಕೊಳ್ಳಿ, ಹಲ್ಲು ಕೀಳಿಸುವ ಪ್ರಶ್ನೆ ಬಂದಾಗ ಬೇಕಾಗುತ್ತದೆ.

ಅಗಲ ಮುಖದವರಲ್ಲಿ?

ಬಹುಮಟ್ಟಿಗೆ ಇದರ ಉಲ್ಟಾ. ದವಡೆ ಅಗಲ, ಅಗಿಯುವ ಸ್ನಾಯು ಗಟ್ಟಿ, ಹಲ್ಲು ಕಚ್ಚಿದರೆ ಕಿವಿಯ ಕೆಳಗೆ ಸ್ನಾಯು ಉಬ್ಬುವುದು ಕೈಗೆ ಸಿಗುತ್ತದೆ. ದವಡೆಹಲ್ಲುಗಳ ಎತ್ತರ ಕಮ್ಮಿ, ಹಾಗಾಗಿ ಮುಂದೆ ಮೇಲಿನ ಹಲ್ಲು ಕೆಳಗಿನದನ್ನು ಮುಚ್ಚಿಬಿಡುತ್ತದೆ. ಇದು ಡೀಪ್ ಬೈಟ್. ಸಾಮಾನ್ಯವಾಗಿ 2ರಿಂದ 3 ಮಿಲಿಮೀಟರ್ ಮುಚ್ಚಿದರೆ ಸಾಕು. ಕೆಲವರಲ್ಲಿ ಕೆಳಗಿನ ಹಲ್ಲು ಕಾಣುವುದೇ ಇಲ್ಲ, ಬಾಯಿ ತೆರೆಸಿ ಕನ್ನಡಿ ಹಿಡಿದು ನೋಡಿದರೆ ಮೇಲಿನ ಹಲ್ಲಿನ ಹಿಂದೆ ಅಂಗುಳದ ಒಸಡಿನ ಮೇಲೆ ಕೆಳಗಿನ ಹಲ್ಲುಗಳ ಅಚ್ಚು ಸಾಲಾಗಿ ಬಿದ್ದಿರುತ್ತದೆ. ನೋವು ಇಲ್ಲ ಅಂತ ಸುಮ್ನೆ ಬಿಟ್ಟರೆ ಅಲ್ಲಿ ಒಸಡು ಹಾಳಾಗುತ್ತದೆ, ಹಲ್ಲಿನ ತುದಿ ಸವೆಯುತ್ತದೆ.

ಇನ್ನೊಂದು ವಿಚಿತ್ರ ಇಲ್ಲೇ ಸಿಗುತ್ತದೆ. ಕೆಳದವಡೆ ಹಿಂದೆ ಇದ್ದರೂ ಮೇಲಿನ ನಡುವಿನ ಎರಡು ಬಾಚಿಹಲ್ಲು ಮುಂದಕ್ಕೆ ಚಾಚುವ ಬದಲು ಒಳಕ್ಕೆ ಬಾಗಿರುತ್ತವೆ. ಇದು ಕ್ಲಾಸ್ 2ರ ಎರಡನೇ ವಿಭಾಗ. ಮುಖ ಗಿಡ್ಡ ಆಗಿರುವುದರಿಂದ ಕೆಳತುಟಿ ಮೇಲಿನ ಹಲ್ಲಿನ ಮೇಲೆ ತುಂಬ ಎತ್ತರಕ್ಕೆ ಬಂದು ಕೂತು, ಹಗಲು ರಾತ್ರಿ ಅದನ್ನು ಒಳಕ್ಕೆ ಒತ್ತುತ್ತಿರುತ್ತದೆ. ಹೊರಗಿನಿಂದ ನೋಡುವವರಿಗೆ ಹಲ್ಲು ಚೆನ್ನಾಗೇ ಇದೆ ಅನಿಸುತ್ತದೆ. ಹಾಗಾಗಿ ಇಂಥವರು ನಮ್ಮ ಹತ್ತಿರ ಬರುವುದೇ ತಡವಾಗಿ.

ಹಲ್ಲು ತಾನಾಗಿಯೇ ಬಾಗಿ ಹೊಂದಿಕೊಳ್ಳುತ್ತದೆ ಅಂತಾರಲ್ಲ, ಅದು ಏನು?

ಇಡೀ ವಿಷಯದ ಜೀವಾಳ ಇದೇ. ದವಡೆಗಳು ಸರಿ ಹೊಂದದಿದ್ದರೂ ಹಲ್ಲುಗಳು ಒಂದನ್ನೊಂದು ಮುಟ್ಟಲು ನೋಡುತ್ತವೆ. ಒಂದು ಕಡೆ ತುಟಿ, ಕೆನ್ನೆ, ಇನ್ನೊಂದು ಕಡೆ ನಾಲಿಗೆ, ಇವುಗಳ ನಡುವೆ ಹಲ್ಲು ಹುಟ್ಟುವಾಗಲೇ, ದವಡೆಯ ಕೊರತೆಯನ್ನು ಮುಚ್ಚುವ ದಿಕ್ಕಿಗೆ ಬಾಗುತ್ತದೆ. ಕೆಳದವಡೆ ಹಿಂದಿದ್ದರೆ ಕೆಳಗಿನ ಹಲ್ಲುಗಳು ಮುಂದಕ್ಕೆ ವಾಲುತ್ತವೆ. ಕೆಳದವಡೆ ಮುಂದಿದ್ದರೆ ಕೆಳಗಿನವು ಒಳಕ್ಕೆ, ಮೇಲಿನವು ಹೊರಕ್ಕೆ. ಹೀಗಾಗಿ ಮೂಳೆಯಲ್ಲಿ 8 ಮಿಲಿಮೀಟರ್ ವ್ಯತ್ಯಾಸ ಇದ್ದರೂ ಹಲ್ಲಿನಲ್ಲಿ 3 ಮಾತ್ರ ಕಾಣಬಹುದು.

ಮುಖದ ಬಗೆ ಇಲ್ಲಿ ಎರಡು ಕಡೆಯಿಂದ ಒಳಗೆ ಬರುತ್ತದೆ. ಒಂದು, ಹಲ್ಲಿಗೆ ಬಾಗಲು ಎಷ್ಟು ಮೂಳೆ ಇದೆ ಅನ್ನುವುದು. ಅಮೆರಿಕದ ಚಾರ್ಲ್ಸ್ ಟ್ವೀಡ್ ಕೊಟ್ಟ ತ್ರಿಕೋನದ ಲೆಕ್ಕ ಇವತ್ತಿಗೂ ಎಲ್ಲ ಕಾಲೇಜುಗಳಲ್ಲಿ ಕಲಿಸುತ್ತಾರೆ: ದವಡೆಯ ಇಳಿಜಾರು 25 (ಇದನ್ನು ಅಳೆಯುವುದು ಕಿವಿಯ ರಂಧ್ರದಿಂದ ಕಣ್ಣಿನ ಗೂಡಿನ ಕೆಳ ಅಂಚಿಗೆ ಎಳೆದ ಗೆರೆಯಿಂದ, ಮೇಲೆ ಹೇಳಿದ 32ರ ಲೆಕ್ಕ ಬೇರೆ), ಕೆಳ ಬಾಚಿಹಲ್ಲು ದವಡೆಯ ಅಂಚಿಗೆ 90, ಉಳಿದದ್ದು 65, ಒಟ್ಟು 180. ಇಳಿಜಾರು ಜಾಸ್ತಿಯಾದರೆ, ಅಂದರೆ ಮುಖ ಉದ್ದವಾದರೆ, ಹಲ್ಲಿನ ಕೋನ 90ಕ್ಕಿಂತ ಕಮ್ಮಿ ಆಗಬೇಕು, ಅಂದರೆ ಹಲ್ಲು ಮುಂದಕ್ಕೆ ವಾಲದೆ ನೆಟ್ಟಗೆ ನಿಲ್ಲಬೇಕು. ಮುಖ ಗಿಡ್ಡ ಇದ್ದರೆ ಸ್ವಲ್ಪ ಮುಂದೆ ವಾಲಿದರೂ ನಡೆಯುತ್ತದೆ.

ಎರಡು, ದವಡೆ ತಿರುಗಿದ ದಿಕ್ಕು. ಕೆಳದವಡೆ ಕೆಳಕ್ಕೆ ತಿರುಗಿದರೆ ಗದ್ದ ಹಿಂದಕ್ಕೆ ಹೋಗುತ್ತದೆ. ಕ್ಲಾಸ್ 2 ಇರುವ ಹುಡುಗಿಗೆ ಇದು ಕೆಟ್ಟ ಸುದ್ದಿ, ಮೊದಲೇ ಹಿಂದಿದ್ದ ಗದ್ದ ಇನ್ನೂ ಹಿಂದೆ. ಕ್ಲಾಸ್ 3 ಇರುವ ಹುಡುಗನಿಗೆ ಅದೇ ತಿರುವು ಸಮಸ್ಯೆಯನ್ನು ಅಡಗಿಸಿಡುತ್ತದೆ. ಅಗಲ ಮುಖದಲ್ಲಿ ಕ್ಲಾಸ್ 3 ಬಂದರೆ ಗದ್ದ ಎದ್ದು ಕಾಣುತ್ತದೆ, ಆದರೆ ದವಡೆಯನ್ನು ಸ್ವಲ್ಪ ಕೆಳಕ್ಕೆ ತಿರುಗಿಸಿ ಮರೆಮಾಡಲು ಅವಕಾಶ ಉಂಟು. ಉದ್ದ ಮುಖದಲ್ಲಿ ಆ ಅವಕಾಶ ಮೊದಲೇ ಖರ್ಚಾಗಿ ಹೋಗಿರುತ್ತದೆ. ನನ್ನ ಲೆಕ್ಕದಲ್ಲಿ ಕ್ಲಿಪ್‌ನಿಂದ ಮಾತ್ರ ಸರಿಮಾಡಲು ಅತಿ ಕಷ್ಟದ ಕೇಸು ಅಂದರೆ ಇದೇ.

ಕೆಳದವಡೆ ಮುಂದೆ ಇರುವುದು ವಂಶದಲ್ಲಿ ಬರುತ್ತದಾ?

ಬರುತ್ತದೆ. ಯುರೋಪಿನ ಹ್ಯಾಬ್ಸ್‌ಬರ್ಗ್ ರಾಜಮನೆತನದ ಚಿತ್ರಗಳನ್ನು ಹುಡುಕಿ ನೋಡಿ, ತಲೆಮಾರುಗಟ್ಟಲೆ ಅದೇ ಗದ್ದ. 1700ರಲ್ಲಿ ತೀರಿಕೊಂಡ ಸ್ಪೇನಿನ ಎರಡನೇ ಚಾರ್ಲ್ಸ್‌ಗೆ ಅಗಿಯುವುದೂ ಕಷ್ಟವಾಗಿತ್ತಂತೆ. ಅಪ್ಪನಿಗೋ ಅಜ್ಜನಿಗೋ ಹಾಗೆ ಇದ್ದರೆ ಮಗುವನ್ನು 7ನೇ ವಯಸ್ಸಿನ ಹೊತ್ತಿಗೆ ಒಮ್ಮೆ ತೋರಿಸಿ.

ಬಾಯಲ್ಲಿ ಉಸಿರಾಡಿದರೆ ಮುಖ ಉದ್ದ ಆಗುತ್ತದಂತೆ, ನಿಜವಾ?

ಸ್ವಲ್ಪ ನಿಜ, ಜಾಸ್ತಿ ಉತ್ಪ್ರೇಕ್ಷೆ. ಬಾಯಿ ತೆರೆದೇ ಇದ್ದರೆ ನಾಲಿಗೆ ಕೆಳಗಿಳಿಯುತ್ತದೆ, ಮೇಲಿನ ದವಡೆಗೆ ಒಳಗಿನ ಆಸರೆ ತಪ್ಪುತ್ತದೆ, ಹಿಂದಿನ ಹಲ್ಲುಗಳು ಮುಟ್ಟದೇ ಇರುವುದರಿಂದ ಎತ್ತರಕ್ಕೆ ಬೆಳೆಯುತ್ತವೆ. ಹಾರ್ವೋಲ್ಡ್ ಅನ್ನುವವರು ಕೋತಿಗಳ ಮೂಗು ಮುಚ್ಚಿ ಪ್ರಯೋಗ ಮಾಡಿದ್ದರು. ಎಲ್ಲ ಕೋತಿಗಳ ಹಲ್ಲಿನ ಹೊಂದಾಣಿಕೆಯೂ ಕೆಟ್ಟಿತು, ಆದರೆ ಎಲ್ಲಕ್ಕೂ ಒಂದೇ ತರ ಕೆಡಲಿಲ್ಲ. ಮನುಷ್ಯರಲ್ಲೂ ಹಾಗೇ. ಬಾಯಲ್ಲಿ ಉಸಿರಾಡುವ ಎಲ್ಲ ಮಕ್ಕಳ ಮುಖವೂ ಉದ್ದವಾಗುವುದಿಲ್ಲ, ಉದ್ದ ಮುಖದ ಎಲ್ಲರಿಗೂ ಮೂಗು ಕಟ್ಟಿರುವುದಿಲ್ಲ. ಮಗು ರಾತ್ರಿ ಗೊರಕೆ ಹೊಡೆದರೆ, ಬಾಯಿ ತೆರೆದು ಮಲಗಿದರೆ, ಮೊದಲು ಇಎನ್‌ಟಿ ಡಾಕ್ಟರಿಗೆ ತೋರಿಸಿ. ಮೂಗಿನ ಹಿಂದಿರುವ ಅಡಿನಾಯ್ಡ್ ಗ್ರಂಥಿ ಊದಿದೆಯಾ ಅಂತ ಅವರು ಹೇಳಲಿ. ಕ್ಲಿಪ್ ಆಮೇಲೆ.

ನಾಲಿಗೆ ಅಂಗುಳಕ್ಕೆ ಒತ್ತಿ ಹಿಡಿದರೆ ದವಡೆ ಚೌಕ ಆಗುತ್ತದಾ? ರೀಲ್ಸ್‌ನಲ್ಲಿ ತೋರಿಸುತ್ತಾರೆ.

ಬೆಳವಣಿಗೆ ಮುಗಿದವರಿಗೆ ಇಲ್ಲ. ಗಟ್ಟಿ ಚ್ಯೂಯಿಂಗ್ ಗಮ್ ಅಗಿದರೆ ಸ್ನಾಯು ದಪ್ಪ ಆಗಬಹುದು, ಮೂಳೆಯ ಕೋನ ಬದಲಾಗುವುದಿಲ್ಲ. ದವಡೆಯ ಕೀಲು ನೋವು ಬಂದರೆ ಅದು ಬೇರೆ.

ನನಗೂ ತಂಗಿಗೂ ಒಂದೇ ತರ ಉಬ್ಬುಹಲ್ಲು. ಅವಳಿಗೆ ಒಂದೂ ಹಲ್ಲು ಕೀಳಲಿಲ್ಲ, ನನಗೆ ಮಾತ್ರ 4 ಕೀಳಬೇಕಂತೆ. ಯಾಕೆ?

ಹೊರಗೆ ಕಾಣುವುದು ಒಂದೇ ತರ, ಒಳಗೆ ಹಾಗಿರಬೇಕಾಗಿಲ್ಲ. ನಿಮ್ಮ ಮುಖ ಉದ್ದವಿದ್ದು ಅವಳದು ಅಗಲ ಇದ್ದರೆ ಡಾಕ್ಟರು ಹೇಳಿದ್ದರಲ್ಲಿ ಅರ್ಥ ಇದೆ. ಉದ್ದ ಮುಖದಲ್ಲಿ ಕೆಳಗಿನ ಹಲ್ಲುಗಳನ್ನು ಮುಂದಕ್ಕೆ ವಾಲಿಸಿ ಜಾಗ ಮಾಡಿಕೊಳ್ಳಲು ಹೋದರೆ ಆ ತೆಳು ಮೂಳೆ ದಾಟಿ ಬೇರು ಹೊರಕ್ಕೆ ಬರಬಹುದು, ಒಸಡು ಇಳಿಯಬಹುದು, ತುಟಿ ಮುಚ್ಚುವುದು ಇನ್ನೂ ಕಷ್ಟ ಆಗುತ್ತದೆ. ಹಾಗಾಗಿ ಕೋರೆಹಲ್ಲಿನ ಹಿಂದಿನ ಹಲ್ಲನ್ನು ನಾಲ್ಕೂ ಕಡೆ ತೆಗೆದು, ಆ ಜಾಗಕ್ಕೆ ಮುಂದಿನವನ್ನು ಹಿಂದಕ್ಕೆ ಎಳೆಯುತ್ತಾರೆ. ಬಾಚಿಹಲ್ಲು ಹಿಂದಕ್ಕೆ ವಾಲುವಾಗ ಅದರ ತುದಿ ಸ್ವಲ್ಪ ಕೆಳಗೂ ಬರುವುದರಿಂದ ಓಪನ್ ಬೈಟ್ ಮುಚ್ಚಲೂ ಸಹಾಯ ಆಗುತ್ತದೆ. ಅಗಲ ಮುಖದಲ್ಲಿ ಇದೇ ಕೆಲಸ ತೊಂದರೆ ಕೊಡುತ್ತದೆ. ಡೀಪ್ ಬೈಟ್ ಇನ್ನೂ ಆಳವಾಗುತ್ತದೆ, ತುಟಿ ಒಳಕ್ಕೆ ಹೋಗಿ ಮುಖ ಚಪ್ಪಟೆ ಕಾಣುತ್ತದೆ, ಗಟ್ಟಿ ಸ್ನಾಯು ಇರುವವರಲ್ಲಿ ಕಿತ್ತ ಜಾಗ ಮುಚ್ಚುವುದೂ ನಿಧಾನ.

ಆದರೂ ಮುಖದ ಬಗೆ ಒಂದನ್ನೇ ನೋಡಿ ಯಾರೂ ಹಲ್ಲು ಕೀಳಿಸುವುದಿಲ್ಲ, ಕೀಳಿಸಲೂಬಾರದು. ಎಷ್ಟು ಇಕ್ಕಟ್ಟಿದೆ, ತುಟಿ ಎಷ್ಟು ಮುಂದಿದೆ ಅನ್ನುವುದೂ ಸೇರುತ್ತದೆ.

ಕ್ಲಿಪ್ ಹಾಕಿದರೆ ಮುಖದ ಬಗೆಯೇ ಬದಲಾಗುತ್ತದಾ?

ಬದಲಾಗುವುದಿಲ್ಲ, ಕೆಡಬಹುದು. ಬಾಗಿಲಿನ ಕೀಲಿನ ಹತ್ತಿರ ಸಣ್ಣ ಕಡ್ಡಿ ಸಿಕ್ಕಿಕೊಂಡರೆ ಚಿಲಕದ ಕಡೆ ಎಷ್ಟು ತೆರೆದುಕೊಳ್ಳುತ್ತದೆ ನೋಡಿ. ಹಿಂದಿನ ದವಡೆಹಲ್ಲು ಒಂದು ಮಿಲಿಮೀಟರ್ ಎದ್ದರೆ ಮುಂದೆ ಸುಮಾರು ಅದರ ಎರಡು ಪಟ್ಟು ತೆರೆಯುತ್ತದೆ. ಮೇಲಿನಿಂದ ಕೆಳಗೆ ರಬ್ಬರ್ ಬ್ಯಾಂಡ್ ಹಾಕಿ ಎಳೆದಾಗ ದವಡೆಹಲ್ಲು ಮೇಲೇಳುವುದು ಮಾಮೂಲು. ಅಗಲ ಮುಖದವರಿಗೆ ಅದು ಒಳ್ಳೆಯದೇ, ಡೀಪ್ ಬೈಟ್ ಬಿಡುತ್ತದೆ. ಉದ್ದ ಮುಖದವರಿಗೆ ಅದೇ ಬ್ಯಾಂಡು ಮುಖವನ್ನು ಇನ್ನಷ್ಟು ಉದ್ದ ಮಾಡುತ್ತದೆ. ಗೆಳತಿಯ ಬ್ಯಾಂಡ್ ಹೀಗೆ ಹಾಕಿದ್ದಾರೆ, ನನಗೂ ಹಾಗೇ ಹಾಕಿ ಅನ್ನುವವರಿಗೆ ಇದೇ ಉತ್ತರ.

ಉದ್ದ ಮುಖದವರಿಗೆ ಈಗ ಮಿನಿ ಸ್ಕ್ರೂ ಬಂದಿದೆ. ಸುಮಾರು 8 ಮಿಲಿಮೀಟರ್ ಉದ್ದದ ಪುಟ್ಟ ತಿರುಪು. ಸ್ವಲ್ಪ ಮರಗಟ್ಟಿಸಿ ಮೂಳೆಗೆ ಹಾಕಿ, ಅದರಿಂದ ದವಡೆಹಲ್ಲನ್ನು ಮೂಳೆಯೊಳಕ್ಕೆ ಒತ್ತುತ್ತಾರೆ. ದವಡೆಹಲ್ಲು ಒಳಗಿಳಿದರೆ ಕೆಳದವಡೆ ಮೇಲಕ್ಕೂ ಮುಂದಕ್ಕೂ ತಿರುಗುತ್ತದೆ, ಮುಂದಿನ ಬೈಟ್ ಮುಚ್ಚುತ್ತದೆ.

ಯಾವ ವಯಸ್ಸಿನಲ್ಲಿ ಶುರುಮಾಡಬೇಕು?

ಕೆಳದವಡೆ ಹಿಂದಿರುವ ಮಕ್ಕಳಿಗೆ ಕೆಳದವಡೆಯನ್ನು ಮುಂದಕ್ಕೆ ತರುವ ಟ್ವಿನ್ ಬ್ಲಾಕ್ ತರದ ಸಾಧನ ಹಾಕುವುದಾದರೆ ಎತ್ತರಕ್ಕೆ ಬೆಳೆಯುವ ವರ್ಷಗಳಲ್ಲಿ. ಹುಡುಗಿಯರಿಗೆ ಸುಮಾರು 10ರಿಂದ 12, ಹುಡುಗರಿಗೆ 12ರಿಂದ 14. ಅಗಲ ಅಥವಾ ನಡುವಿನ ಮುಖದ ಮಕ್ಕಳಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಉದ್ದ ಮುಖದವರಲ್ಲಿ ದವಡೆಹಲ್ಲು ಎದ್ದೇಳದಂತೆ ನೋಡಿಕೊಂಡು ಹಾಕಬೇಕು. ಡೆನ್ಮಾರ್ಕಿನ ಬ್ಯೋರ್ಕ್ ಮಕ್ಕಳ ದವಡೆಯಲ್ಲಿ ಸಣ್ಣ ಲೋಹದ ಪಿನ್ನುಗಳನ್ನು ಇಟ್ಟು ವರ್ಷಗಟ್ಟಲೆ ಎಕ್ಸ್‌ರೇ ತೆಗೆದು ನೋಡಿದ್ದರು. ದವಡೆ ಬರೀ ಉದ್ದ ಆಗುವುದಿಲ್ಲ, ಬೆಳೆಯುತ್ತಾ ತಿರುಗುತ್ತಲೂ ಇರುತ್ತದೆ ಅಂತ ಗೊತ್ತಾದದ್ದು ಆಗ.

ದವಡೆ ಸರಿಸುವ ಆಪರೇಷನ್‌ಗೆ ಮುಂಚೆ ಹಲ್ಲು ಇನ್ನೂ ಕೆಟ್ಟದಾಗಿ ಕಾಣುತ್ತದೆ ಅಂದರು. ಮೋಸ ಅಲ್ಲ ತಾನೇ?

ಮೋಸ ಅಲ್ಲ. ಇಷ್ಟು ವರ್ಷ ಹಲ್ಲು ಬಾಗಿ ದವಡೆಯ ತಪ್ಪನ್ನು ಮುಚ್ಚಿಟ್ಟಿತ್ತಲ್ಲ, ಅದನ್ನು ಮೊದಲು ಬಿಡಿಸಬೇಕು. ಕ್ಲಾಸ್ 3ರಲ್ಲಿ ಕೆಳಗಿನ ಹಲ್ಲು 90ರ ಬದಲು 78, 80 ಡಿಗ್ರಿಗೆ ಒಳಕ್ಕೆ ಮಲಗಿರುತ್ತದೆ. ಅದನ್ನು ನೆಟ್ಟಗೆ ಮಾಡಿದ ತಕ್ಷಣ ಗದ್ದದ ಜೊತೆ ಹಲ್ಲೂ ಮುಂದೆ ಬರುತ್ತದೆ. ಕೆಲವು ತಿಂಗಳು ಹಾಗೇ ಇರಬೇಕು. ಹಲ್ಲು ಬಿಡಿಸದೆ ದವಡೆ ಸರಿಸಿದರೆ, ಸರ್ಜನ್‌ಗೆ ಸಾಕಷ್ಟು ದೂರ ಸರಿಸಲು ಜಾಗವೇ ಸಿಗುವುದಿಲ್ಲ. ಮೊದಲು ಆಪರೇಷನ್ ಮಾಡಿ ಆಮೇಲೆ ಕ್ಲಿಪ್ ಹಾಕುವ ದಾರಿಯೂ ಇದೆ, ಎಲ್ಲರಿಗೂ ಹೊಂದುವುದಿಲ್ಲ. ಮದುವೆ ದಿನ ಗೊತ್ತಾಗಿದ್ದರೆ ದಯವಿಟ್ಟು ಮೊದಲೇ ಹೇಳಿಬಿಡಿ.

ಕ್ಲಿಪ್ ಬದಲು ಅಲೈನರ್ (ಹಲ್ಲಿಗೆ ತೊಡಿಸುವ ಪಾರದರ್ಶಕ ಪ್ಲಾಸ್ಟಿಕ್ ಕವಚ) ಸಾಕಾಗುವುದಿಲ್ಲವಾ?

ಸಣ್ಣ ಓಪನ್ ಬೈಟ್‌ಗೆ ಸಾಕಾಗುತ್ತದೆ, ದವಡೆಹಲ್ಲಿನ ಮೇಲೆ ಪ್ಲಾಸ್ಟಿಕ್ ಕೂರುವುದರಿಂದ ಅವು ಮೇಲೇಳುವುದು ಕಮ್ಮಿ. ಗಟ್ಟಿ ಡೀಪ್ ಬೈಟ್ ಬಿಡಿಸಲು ತಿಣುಕುತ್ತದೆ. ಮನೆಗೆ ಕೊರಿಯರ್‌ನಲ್ಲಿ ಬರುವ ಅಲೈನರ್ ಅಂದರೆ ಸೆಫಲೋಗ್ರಾಮ್ ಇಲ್ಲದೆ, ಬಾಯಿ ಯಾರೂ ಮುಟ್ಟಿ ನೋಡದೆ ಮಾಡಿದ್ದು. ಅದನ್ನು ನಾನು ಯಾರಿಗೂ ಹೇಳುವುದಿಲ್ಲ.

ಪುಸ್ತಕದ ಈ ಡಿಗ್ರಿಗಳೆಲ್ಲ ಬಿಳಿಯರದ್ದಲ್ಲವಾ?

ಒಳ್ಳೆಯ ಪ್ರಶ್ನೆ. ಟ್ವೀಡ್, ಅಮೆರಿಕದ ಇನ್ನೊಬ್ಬ ಹಲ್ಲಿನ ಡಾಕ್ಟರು ಸ್ಟೈನರ್ ಕೊಟ್ಟ ಅಂಕಿಗಳು ಅಮೆರಿಕದ ಬಿಳಿ ಮುಖಗಳಿಂದ ಬಂದವು. ನಮ್ಮ ಕಡೆಯ ಜನರಲ್ಲಿ ಬಾಚಿಹಲ್ಲು ಸ್ವಲ್ಪ ಮುಂದಕ್ಕಿರುವುದು, ತುಟಿ ತುಂಬಿಕೊಂಡಿರುವುದು ಸಾಮಾನ್ಯ, ಅದು ಚೆಂದವೂ ಹೌದು. ಅದನ್ನು 90ಕ್ಕೇ ತರಬೇಕು ಅಂತ ಹಟ ಹಿಡಿದರೆ ಮುಖ ಒಣಗಿದ ಹಾಗೆ ಕಾಣುತ್ತದೆ. ಅಂಕಿ ನೋಡಿ, ಆಮೇಲೆ ಮುಖ ನೋಡಿ, ಎರಡೂ ಜಗಳ ಆಡಿದರೆ ಮುಖದ ಮಾತು ಕೇಳಿ ಅಂತ ನಾನು ಕಿರಿಯರಿಗೆ ಹೇಳುತ್ತೇನೆ.

ಕಮ್ಮಿ ಖರ್ಚಿನಲ್ಲಿ ಎಲ್ಲಿ ಮಾಡಿಸಬಹುದು?

ಡೆಂಟಲ್ ಕಾಲೇಜುಗಳಲ್ಲಿ. ಬೆಂಗಳೂರಿನಲ್ಲಿ ಸರ್ಕಾರಿ ದಂತ ಕಾಲೇಜು ಇದೆ, ಮಂಗಳೂರು, ಮಣಿಪಾಲ, ದಾವಣಗೆರೆ, ಧಾರವಾಡದಲ್ಲೂ ಕಾಲೇಜುಗಳಿವೆ. ಪಿಜಿ ವಿದ್ಯಾರ್ಥಿಗಳು ಮಾಡುತ್ತಾರೆ, ಮೇಷ್ಟ್ರು ಪಕ್ಕದಲ್ಲಿ ನಿಂತು ನೋಡುತ್ತಾರೆ. ಹೊತ್ತು ಜಾಸ್ತಿ ಹಿಡಿಯುತ್ತದೆ, ಆದರೆ ಸೆಫಲೋಗ್ರಾಮ್ ಮೇಲೆ ಗೆರೆ ಎಳೆಯದೆ ಯಾರೂ ನಿಮ್ಮ ಹಲ್ಲು ಮುಟ್ಟುವುದಿಲ್ಲ.

ಕ್ಲಿಪ್ ತೆಗೆದ ಮೇಲೆ ಹಲ್ಲು ಜಾಗ ಬಿಡದಂತೆ ಹಾಕುವ ರೆಟೈನರ್ ಎಷ್ಟು ದಿನ?

ವರ್ಷಗಟ್ಟಲೆ. ಓಪನ್ ಬೈಟ್ ಮುಚ್ಚಿದ ಉದ್ದ ಮುಖದವರು, ಡೀಪ್ ಬೈಟ್ ಬಿಡಿಸಿದ ಅಗಲ ಮುಖದವರು, ಇಬ್ಬರಿಗೂ ಹಲ್ಲು ಹಳೆಯ ಜಾಗಕ್ಕೆ ಓಡುವ ಚಾಳಿ ಇರುತ್ತದೆ, ಯಾಕೆಂದರೆ ಸ್ನಾಯು, ನಾಲಿಗೆ, ತುಟಿ ಯಾವುದೂ ಬದಲಾಗಿಲ್ಲ. ಮೊದಲ ಕೆಲವು ತಿಂಗಳು ಊಟದ ಹೊತ್ತು ಬಿಟ್ಟು ಇಡೀ ದಿನ ಹಾಕಿಕೊಳ್ಳಿ, ಆಮೇಲೆ ರಾತ್ರಿ ಮಾತ್ರ. ಊಟಕ್ಕೆ ತೆಗೆದಾಗ ಟಿಶ್ಯೂ ಪೇಪರಿನಲ್ಲಿ ಸುತ್ತಿ ತಟ್ಟೆ ಪಕ್ಕ ಇಡಬೇಡಿ, ಎಂಜಲೆಲೆ ಜೊತೆ ಹೋಗಿಬಿಡುತ್ತದೆ. ಬಿಸಿನೀರಿನಲ್ಲಿ ತೊಳೆಯಬೇಡಿ, ಸೊಟ್ಟಗಾಗುತ್ತದೆ.